ಉಸಿರಿಗೆ ಮೆಷಿನ್ ಸಿಕ್ಕೀತು, ನಡೆಸುವವರು ಎಲ್ಲಿ?

ಕಳೆದ ಶ್ರಾವಣದಲ್ಲಿ ಮನೆಮಂದಿಯೆಲ್ಲ ಸಿದ್ದರಬೆಟ್ಟಕ್ಕೆ ಹೋಗಿದ್ವಿ. ಕೊರಟಗೆರೆ, ಮಧುಗಿರಿ ಕಡೆಯವರಿಗೆ ಇದು ಹೊಸದೇನಲ್ಲ. ವರ್ಷಕ್ಕೊಮ್ಮೆಯಾದರೂ ಬೆಟ್ಟ ಹತ್ತಿ, ಗುಹೆಯೊಳಗಿನ ಸಿದ್ದೇಶ್ವರನಿಗೆ ಕೈಮುಗಿದು ಇಳಿಯೋದು ರೂಢಿ. ಗಿಡಮೂಲಿಕೆಗಳ ಬೆಟ್ಟ, ಇಲ್ಲಿನ ಗಾಳಿ ಕುಡಿದರೇ ಅರ್ಧ ಕಾಯಿಲೆ ವಾಸಿ ಅನ್ನೋ ನಂಬಿಕೆಯೂ ಇದೆ. ನನ್ನ ದೊಡ್ಡಮ್ಮ ಐವತ್ತು ವರ್ಷದಿಂದ ಹತ್ತುತ್ತಾ ಬಂದವರು. ಈ ಸಲ ನಲವತ್ತು ಮೆಟ್ಟಿಲು ದಾಟುವ ಹೊತ್ತಿಗೆ ಕೂತುಬಿಟ್ಟರು.

"ನೀವ್ ಹೋಗ್ಬನ್ರಪ್ಪ, ನಾನಿಲ್ಲೇ ಕುಂತಿರ್ತೀನಿ. ಎದೇಲಿ ಉಸ್ರು ತುಂಬ್ಕೊಂಡು ಆಚೀಗೇ ಬರಲ್ಲ ಅಂತೈತೆ" ಅಂದರು.

ಆಗ ನಮಗೆಲ್ಲ ಅನಿಸಿದ್ದು ಒಂದೇ: ವಯಸ್ಸಾಯ್ತು. ಆಮೇಲೆ ತಪಾಸಣೆ ಮಾಡಿಸಿದಾಗ ಗೊತ್ತಾಯಿತು, ಅದು ವಯಸ್ಸಲ್ಲ, ಸಿಒಪಿಡಿ. ಶ್ವಾಸನಾಳಗಳು ಕಿರಿದಾಗಿ, ಶ್ವಾಸಕೋಶ ತನ್ನ ಬಿಗಿ ಕಳೆದುಕೊಳ್ಳುವ, ಪೂರ್ತಿ ವಾಸಿಯಾಗದ ಕಾಯಿಲೆ. ಮೊದಲು ಹೋಗಿದ್ದ ಒಂದು ಕ್ಲಿನಿಕ್ಕಿನಲ್ಲಿ "ಜಾಸ್ತಿ ಓಡಾಡಬೇಡಿ, ರೆಸ್ಟ್ ತಗೊಳ್ಳಿ" ಅಂದಿದ್ದರು. ಆ ಸಲಹೆ ಎಷ್ಟು ತಪ್ಪು, ಸರಿಯಾದ ಸಲಹೆ ಸಿಗೋದು ನಮ್ಮ ತಾಲ್ಲೂಕುಗಳಲ್ಲಿ ಯಾಕೆ ಇಷ್ಟು ಕಷ್ಟ ಅನ್ನೋದೇ ಈ ಬರಹ.

ಇಳಿಯೋರಿಗೆ ದಾರಿಯಿಲ್ಲದ ಬಸ್ಸು

ದೊಡ್ಡಮ್ಮ ಹೇಳಿದ ಮಾತು ವೈದ್ಯಕೀಯವಾಗಿ ನೂರಕ್ಕೆ ನೂರು ಸರಿ. ಸಿಒಪಿಡಿಯಲ್ಲಿ ತೊಂದರೆ ಇರೋದು ಉಸಿರು ಎಳೆದುಕೊಳ್ಳೋದರಲ್ಲಿ ಅಂತ ನಾವಂದುಕೊಳ್ಳುತ್ತೇವೆ. ಅಸಲಿ ತೊಂದರೆ ಶುರುವಾಗೋದು ಬಿಡೋದರಲ್ಲಿ.

ಕೊರಟಗೆರೆಯಿಂದ ತುಮಕೂರಿಗೆ ಬೆಳಗಿನ ಬಸ್ಸು ನೆನಪಿಸಿಕೊಳ್ಳಿ. ಪ್ರತಿ ಸ್ಟಾಪಿನಲ್ಲೂ ಹತ್ತೋರು ಹತ್ತುತ್ತಲೇ ಇದ್ದಾರೆ, ಇಳಿಯೋ ಬಾಗಿಲು ಮಾತ್ರ ಅರ್ಧ ಮುಚ್ಚಿದೆ. ಬಸ್ಸು ನಿಧಾನಕ್ಕೆ ಹೋದರೆ ಹೇಗೋ ಇಳಿದುಕೊಳ್ಳುತ್ತಾರೆ. ಸ್ಟಾಪುಗಳು ಬೇಗಬೇಗ ಬಂದರೆ? ಹಳಬರು ಇಳಿಯೋದರೊಳಗೆ ಹೊಸಬರು ಹತ್ತಿ, ಕೊನೆಗೆ ಫುಟ್‌ಬೋರ್ಡಿಗೂ ಜಾಗ ಇರೋದಿಲ್ಲ.

ಸಿಒಪಿಡಿ ಇರುವವರು ಕೂತಿದ್ದಾಗ ಉಸಿರು ನಿಧಾನವಾಗಿ ಹೊರಹೋಗಲು ಸಮಯ ಇರುತ್ತದೆ. ಮೆಟ್ಟಿಲು ಹತ್ತಿದಾಗ ಉಸಿರಾಟದ ವೇಗ ಏರುತ್ತದೆ. ಹಿಂದಿನ ಉಸಿರು ಪೂರ್ತಿ ಹೊರಬೀಳುವ ಮೊದಲೇ ಮುಂದಿನದು ಒಳಬರುತ್ತದೆ. ಪ್ರತಿ ಉಸಿರಿಗೂ ಸ್ವಲ್ಪ ಗಾಳಿ ಒಳಗೇ ಉಳಿದು, ಶ್ವಾಸಕೋಶ ಉಬ್ಬುತ್ತಾ ಹೋಗುತ್ತದೆ. ಆಗಲೇ ಊದಿಕೊಂಡ ಬಲೂನಿಗೆ ಇನ್ನೂ ಗಾಳಿ ತುಂಬೋದು ಎಷ್ಟು ಕಷ್ಟವೋ, ಅವರಿಗೆ ಮುಂದಿನ ಉಸಿರು ಎಳೆಯೋದು ಅಷ್ಟು ಕಷ್ಟ. ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಮುಖ್ಯ ಸ್ನಾಯು, ಕೆಳಕ್ಕೆ ಚಪ್ಪಟೆಯಾಗಿ ಎಳೆಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ನಾವು ಉಸಿರಾಡಲು ಖರ್ಚು ಮಾಡುವ ಶಕ್ತಿ ನಮಗೆ ಗೊತ್ತೂ ಆಗದಷ್ಟು ಕಡಿಮೆ. ದೊಡ್ಡಮ್ಮನಿಗೆ ಉಸಿರಾಟವೇ ಒಂದು ಕೂಲಿ ಕೆಲಸ.

ಬೀಡಿ ಮುಟ್ಟದವರಿಗೆ ಬಂದ ಕಾಯಿಲೆ

ಶ್ವಾಸಕೋಶ ಹಾಳಾಗೋದು ಸಿಗರೇಟು ಸೇದೋರಿಗೆ ಅನ್ನೋದು ಅರ್ಧ ಸತ್ಯ. 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಬಂದ ಅಧ್ಯಯನದ ಪ್ರಕಾರ 2016ರಲ್ಲಿ ಭಾರತದಲ್ಲಿ ಅಂದಾಜು 5.5 ಕೋಟಿ ಸಿಒಪಿಡಿ ರೋಗಿಗಳಿದ್ದರು. ಈ ಕಾಯಿಲೆಯ ಹೊರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ವಾಯುಮಾಲಿನ್ಯದ್ದು, ಅದರಲ್ಲಿ ಮನೆಯೊಳಗಿನ ಹೊಗೆಯೂ ಸೇರಿದೆ. ತಂಬಾಕಿನ ಪಾಲು ಸುಮಾರು ಕಾಲು ಭಾಗ. ಉಳಿದದ್ದರಲ್ಲಿ ದೊಡ್ಡ ಪಾಲು ಕೆಲಸದ ಜಾಗದ ಧೂಳಿನದ್ದು.

ನಮ್ಮ ರಾಜ್ಯದಲ್ಲೇ, ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಮೈಸೂರು ಸೀಮೆಯ ಹಳ್ಳಿಗಳಲ್ಲಿ ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಅಲ್ಲಿ ಬಳಸಿದ ಒಂದು ಲೆಕ್ಕ ಸರಳವಾಗಿದೆ: ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆ ಮುಂದೆ ಕೂರುತ್ತೀರಿ, ಅದನ್ನು ಎಷ್ಟು ವರ್ಷದಿಂದ ಮಾಡುತ್ತಿದ್ದೀರಿ, ಎರಡನ್ನೂ ಗುಣಿಸಿ. ಬಂದ ಸಂಖ್ಯೆ 60 ದಾಟಿದರೆ ಹೆಂಗಸರಲ್ಲಿ ದೀರ್ಘಕಾಲದ ಕೆಮ್ಮು-ಕಫದ ಕಾಯಿಲೆಯ ಅಪಾಯ ಗಣನೀಯವಾಗಿ ಏರುತ್ತದೆ ಅಂತ 2013ರಲ್ಲಿ ಪ್ರಕಟವಾದ ಅವರ ಅಧ್ಯಯನ ಹೇಳಿತು.

ನಮ್ಮ ದೊಡ್ಡಮ್ಮನ ಲೆಕ್ಕ ಹಾಕಿದೆ. ದಿನಕ್ಕೆ ಮೂರು ಗಂಟೆ, ಮೂವತ್ತೈದು ವರ್ಷ. 105.

2016ರಲ್ಲಿ ಉಜ್ವಲ ಯೋಜನೆ ಬಂತು, ಗ್ಯಾಸ್ ಒಲೆ ಬಂತು. ಒಳ್ಳೆಯದೇ ಆಯಿತು. ಆದರೆ ಅಷ್ಟರಲ್ಲಿ ಆ ಶ್ವಾಸಕೋಶ ತನ್ನ ಪಾಲಿನ ಹೊಗೆ ಕುಡಿದಾಗಿತ್ತು. ಸ್ನಾನದ ನೀರಿಗೆ, ಮುದ್ದೆಗೆ, ಹಬ್ಬದಡುಗೆಗೆ ಸೌದೆ ಒಲೆ ಈಗಲೂ ಉರಿಯುತ್ತದೆ. ಇತ್ತ ಗಂಡಸರ ಕಥೆ ಬೇರೆ. ಬಂಡೆ ಒಡೆಯುವ, ಜಲ್ಲಿ ಕ್ರಷರ್‌ನಲ್ಲಿ ದುಡಿಯುವವರ ಎದೆಯೊಳಗೆ ಸಿಲಿಕಾ ಧೂಳು ಕೂತರೆ ಸಿಲಿಕೋಸಿಸ್. ಟಿಬಿ ಗುಣವಾದ ಮೇಲೂ ಎಷ್ಟೋ ಜನರ ಶ್ವಾಸಕೋಶದಲ್ಲಿ ಗಾಯದ ಕಲೆ ಉಳಿಯುತ್ತದೆ. ಹೆಸರು ಬೇರೆ ಬೇರೆ, ಕೊನೆಗೆ ಎಲ್ಲರೂ ಬಂದು ನಿಲ್ಲೋದು ಒಂದೇ ಕಡೆ: ನಾಲ್ಕು ಹೆಜ್ಜೆಗೆ ಉಸಿರು ಕಟ್ಟುತ್ತೆ, ಅದಕ್ಕೇ ನಡೆಯೋದನ್ನೇ ಬಿಟ್ಟೆ.

ಕೂತರೆ ಕಾಲೂ ಹೋಗುತ್ತೆ

ಇಲ್ಲೇ ದೊಡ್ಡ ಬಲೆ ಇರೋದು. ಉಸಿರು ಕಟ್ಟುತ್ತೆ ಅಂತ ಕೂರುತ್ತಾರೆ. ಕೂತಷ್ಟೂ ಕಾಲಿನ ಸ್ನಾಯು ಕರಗುತ್ತದೆ. ಸೊರಗಿದ ಸ್ನಾಯು ಸಣ್ಣ ಕೆಲಸಕ್ಕೂ ಬೇಗ ದಣಿದು, ಹೆಚ್ಚು ಉಸಿರು ಕೇಳುತ್ತದೆ. ಹಾಗಾಗಿ ಮೊದಲು ಬೆಟ್ಟದಲ್ಲಿ ಕಟ್ಟುತ್ತಿದ್ದ ಉಸಿರು, ಆಮೇಲೆ ಸಂತೆ ದಾರಿಯಲ್ಲಿ, ಆಮೇಲೆ ಬಚ್ಚಲುಮನೆಗೆ ಹೋಗುವಾಗಲೇ ಕಟ್ಟುತ್ತದೆ. ಶ್ವಾಸಕೋಶ ಅಷ್ಟೇ ಹಾಳಾಗಿದ್ದರೂ ಬದುಕು ಮಾತ್ರ ದಿನೇ ದಿನೇ ಕಿರಿದಾಗುತ್ತದೆ.

ಹಾಳಾದ ಶ್ವಾಸಕೋಶವನ್ನು ವ್ಯಾಯಾಮ ಸರಿಮಾಡೋದಿಲ್ಲ. ಆದರೆ ಕಾಲನ್ನು ಸರಿಮಾಡಬಹುದು. ಪಳಗಿದ ಕಾಲು ಅದೇ ದೂರ ನಡೆಯಲು ಕಡಿಮೆ ಉಸಿರು ಕೇಳುತ್ತದೆ. ಇಷ್ಟೇ ಗುಟ್ಟು. ಇದಕ್ಕೆ ವೈದ್ಯಕೀಯ ಹೆಸರು ಶ್ವಾಸಕೋಶ ಪುನಶ್ಚೇತನ: ಸಾಮಾನ್ಯವಾಗಿ ಎಂಟು ವಾರ, ವಾರಕ್ಕೆ ಎರಡು ಮೂರು ದಿನ, ಯಾರಾದರೂ ಪಕ್ಕದಲ್ಲಿ ನಿಂತು ನಡೆಸುವುದು, ಕೈಕಾಲಿಗೆ ಬಲ ಕೊಡುವ ವ್ಯಾಯಾಮ ಮಾಡಿಸುವುದು, ಇನ್‌ಹೇಲರ್ ಸರಿಯಾಗಿ ಬಳಸೋದನ್ನು ಕಲಿಸುವುದು.

ಇದು ಕೆಲಸ ಮಾಡುತ್ತಾ ಅನ್ನೋ ಪ್ರಶ್ನೆಗೆ ಉತ್ತರ ಸಿಕ್ಕಾಗಿದೆ. 2015ರ ಕಾಕ್ರೇನ್ ವಿಮರ್ಶೆ 65 ಪ್ರಯೋಗಗಳ 3,822 ರೋಗಿಗಳ ಮಾಹಿತಿಯನ್ನು ಒಟ್ಟುಮಾಡಿ ನೋಡಿತು. ಏದುಸಿರು ಕಡಿಮೆ, ನಡಿಗೆ ಜಾಸ್ತಿ, ಬದುಕು ಹಗುರ. ಫಲಿತಾಂಶ ಎಷ್ಟು ಖಚಿತ ಇತ್ತೆಂದರೆ, ಪುನಶ್ಚೇತನ ಬೇಕೋ ಬೇಡವೋ ಅಂತ ನೋಡಲು ಇನ್ನು ಹೊಸ ಪ್ರಯೋಗಗಳ ಅಗತ್ಯವಿಲ್ಲ ಅಂತಲೇ ಅವರು ಬರೆದರು.

ಮಾಸ್ಕ್ ಹಾಕಿಕೊಂಡು ನಡೆದರೆ?

ಸರಿ, ನಡೆಯಬೇಕು. ನಡೆಯೋಕೇ ಉಸಿರಿಲ್ಲದವರು ಏನು ಮಾಡಬೇಕು? ಇಲ್ಲಿ ಬರುತ್ತದೆ ಉಸಿರಿಗೆ ಆಸರೆ ಕೊಡುವ ಯಂತ್ರ. ಕೋವಿಡ್ ಕಾಲದಲ್ಲಿ ಬೈಪ್ಯಾಪ್ ಅನ್ನೋ ಹೆಸರು ಎಲ್ಲರ ಕಿವಿಗೂ ಬಿತ್ತು. ಗಂಟಲಿಗೆ ಕೊಳವೆ ಹಾಕದೆ, ಬರೀ ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಡುವ ಯಂತ್ರ ಅದು.

ಎಂಜಿನಿಯರಿಂಗ್ ಓದಿದ ತಲೆಗೆ ಇದು ಚಂದದ ಐಡಿಯಾ ಅನಿಸುತ್ತದೆ. ಯಂತ್ರ ಎರಡು ಒತ್ತಡಗಳಲ್ಲಿ ಕೆಲಸ ಮಾಡುತ್ತದೆ. ಉಸಿರು ಎಳೆಯುವಾಗ ಹೆಚ್ಚು ಒತ್ತಡ, ಅಂದರೆ ಹಿಂದಿನಿಂದ ಗಾಡಿ ತಳ್ಳಿದ ಹಾಗೆ. ಬಿಡುವಾಗ ಕಡಿಮೆ ಒತ್ತಡ, ಆದರೆ ಸೊನ್ನೆ ಅಲ್ಲ. ಅದು ಯಾಕೆ? ಒಳಗೆ ಸಿಕ್ಕಿಕೊಂಡ ಗಾಳಿಗೆ ತನ್ನದೇ ಒತ್ತಡ ಇರುತ್ತದೆ. ಹೊಸ ಉಸಿರು ಒಳಬರಬೇಕಾದರೆ ರೋಗಿ ಮೊದಲು ಆ ಒತ್ತಡವನ್ನು ಮೀರಿ ಎಳೆಯಬೇಕು, ಅಷ್ಟರಲ್ಲೇ ಅರ್ಧ ಶಕ್ತಿ ಖಾಲಿ. ಯಂತ್ರ ಹೊರಗಿನಿಂದ ಸ್ವಲ್ಪ ಒತ್ತಡ ಕೊಟ್ಟು ಆ ವ್ಯತ್ಯಾಸ ತುಂಬುತ್ತದೆ. ಉಸಿರಾಟದ ಸ್ನಾಯುಗಳ ಹೊರೆ ಇಳಿದರೆ ಕಾಲು ಇನ್ನಷ್ಟು ಹೊತ್ತು ನಡೆಯಬಹುದು. ಆಸರೆ ಶ್ವಾಸಕೋಶಕ್ಕೆ, ಲಾಭ ಕಾಲಿಗೆ.

ಪ್ರಯೋಗದಲ್ಲಿ ಏನಾಯಿತು? 2014ರ ಕಾಕ್ರೇನ್ ವಿಮರ್ಶೆಯಲ್ಲಿ ಇಂಥ 6 ಅಧ್ಯಯನಗಳಿದ್ದವು, ಒಟ್ಟು 126 ರೋಗಿಗಳು. ಹೆಚ್ಚಿನವರು ತೀವ್ರ ಹಂತದ ಸಿಒಪಿಡಿಯವರು. ಯಂತ್ರದ ಆಸರೆಯಲ್ಲಿ ವ್ಯಾಯಾಮ ಮಾಡಿದವರು ಹೆಚ್ಚು ಕಷ್ಟದ ಮಟ್ಟದಲ್ಲಿ ತರಬೇತಿ ಪಡೆಯಬಲ್ಲರು, ಸ್ನಾಯುಗಳೂ ಹೆಚ್ಚು ಪಳಗಬಹುದು ಅಂತ ಕಂಡಿತು. ಆದರೆ ದಿನನಿತ್ಯದ ಬದುಕು ಅದರಿಂದ ಎಷ್ಟು ಸುಧಾರಿಸಿತು ಅನ್ನೋದಕ್ಕೆ ಸ್ಪಷ್ಟ ಪುರಾವೆ ಸಿಗಲಿಲ್ಲ. 126 ಜನ ಅಂದರೆ ಸಣ್ಣ ಸಂಖ್ಯೆಯೇ. ಮಾಸ್ಕ್ ಕೂರಿಸಲು, ಒತ್ತಡ ಹೊಂದಿಸಲು, ಪಕ್ಕದಲ್ಲೇ ನಿಂತು ನೋಡಿಕೊಳ್ಳಲು ತರಬೇತಾದ ಒಬ್ಬರು ಬೇಕೇ ಬೇಕು. ಹಾಗಾಗಿ ಈ ಯಂತ್ರ ಎಲ್ಲರಿಗೂ ಅಲ್ಲ. ತೀರಾ ತೀವ್ರ ಹಂತದ, ಆಸರೆಯಿಲ್ಲದೆ ತರಬೇತಿಯನ್ನೇ ಶುರು ಮಾಡಲಾಗದ ಕೆಲವರಿಗೆ.

ಆಕ್ಸಿಜನ್ ಬಗ್ಗೆ ನಮ್ಮ ತಪ್ಪು ಲೆಕ್ಕ

2021ರ ಮೇ ತಿಂಗಳು ನೆನಪಿದೆಯಲ್ಲ? ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಸಿಗದೆ ಜನ ಸತ್ತರು. ಆ ಗಾಯದ ನಂತರ ಉಸಿರಿನ ಸಮಸ್ಯೆ ಅಂದರೆ ಆಕ್ಸಿಜನ್ ಅನ್ನೋ ಸಮೀಕರಣ ನಮ್ಮ ತಲೆಯಲ್ಲಿ ಗಟ್ಟಿಯಾಯಿತು. ಬಿಕ್ಕಟ್ಟಿನ ಹೊತ್ತಿಗೆ ಅದು ಸರಿ. ವರ್ಷಗಟ್ಟಲೆ ಎಳೆಯುವ ಕಾಯಿಲೆಗೆ ಲೆಕ್ಕ ಬೇರೆ.

ಸುಮ್ಮನೆ ಕೂತಾಗಲೂ ರಕ್ತದಲ್ಲಿ ಆಕ್ಸಿಜನ್ ತುಂಬ ಕಡಿಮೆ ಇರುವವರಿಗೆ ದಿನಕ್ಕೆ 15 ಗಂಟೆಗೂ ಹೆಚ್ಚು ಆಕ್ಸಿಜನ್ ಕೊಟ್ಟರೆ ಆಯುಷ್ಯ ಹೆಚ್ಚುತ್ತದೆ. 1980 ಮತ್ತು 1981ರಲ್ಲಿ ಅಮೆರಿಕ, ಬ್ರಿಟನ್‌ಗಳಲ್ಲಿ ಬಂದ ಎರಡು ಅಧ್ಯಯನಗಳು ಇದನ್ನು ತೋರಿಸಿದವು. ಆದರೆ ಸ್ವಲ್ಪ ಮಟ್ಟಿಗಷ್ಟೇ ಕಡಿಮೆ ಇರುವ, ಅಥವಾ ನಡೆದಾಗ ಮಾತ್ರ ಇಳಿಯುವ 738 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮನೆಯ ಆಕ್ಸಿಜನ್‌ನಿಂದ ಆಯುಷ್ಯವೂ ಹೆಚ್ಚಲಿಲ್ಲ, ಆಸ್ಪತ್ರೆ ಸೇರೋದೂ ತಪ್ಪಲಿಲ್ಲ.

ವ್ಯಾಯಾಮದ ಹೊತ್ತಿಗೆ ಕೊಟ್ಟರೆ? 2019ರಲ್ಲಿ ಆಸ್ಟ್ರೇಲಿಯಾದ ತಂಡವೊಂದು, ನಡೆದಾಗ ಆಕ್ಸಿಜನ್ ಮಟ್ಟ ಇಳಿಯುವ 111 ಜನರನ್ನು ಎರಡು ಗುಂಪು ಮಾಡಿ ಎಂಟು ವಾರ ತರಬೇತಿ ಕೊಟ್ಟಿತು. ಒಂದು ಗುಂಪಿನ ಕೊಳವೆಯಲ್ಲಿ ಆಕ್ಸಿಜನ್, ಇನ್ನೊಂದರಲ್ಲಿ ಬರೀ ಗಾಳಿ. ಯಾರಿಗೆ ಯಾವುದು ಅಂತ ಅವರಿಗೇ ಗೊತ್ತಿರಲಿಲ್ಲ. ಎರಡೂ ಗುಂಪಿನವರ ನಡಿಗೆ ಸುಧಾರಿಸಿತು, ಆಕ್ಸಿಜನ್ ಗುಂಪಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಕೆಲಸ ಮಾಡಿದ್ದು ತರಬೇತಿ.

ಹಾಗಂತ ವೈದ್ಯರು ಬರೆದುಕೊಟ್ಟ ಆಕ್ಸಿಜನ್ ಯಾರೂ ನಿಲ್ಲಿಸಬಾರದು. ಅದರಲ್ಲೂ ಸಿಲಿಕೋಸಿಸ್‌ನಂಥ ಕಾಯಿಲೆಯಲ್ಲಿ ನಡೆದಾಗ ಆಕ್ಸಿಜನ್ ಬೇಗ ಕುಸಿಯಬಹುದು, ಅವರ ಲೆಕ್ಕವೇ ಬೇರೆ. ಯಾರಿಗೆ ಬೇಕು, ಎಷ್ಟು ಬೇಕು ಅನ್ನೋದನ್ನು ಅಳತೆ ಮಾಡಿಯೇ ತೀರ್ಮಾನಿಸಬೇಕು. ಆ ಅಳತೆ ಮಾಡುವವರೇ ನಮ್ಮಲ್ಲಿ ವಿರಳ.

ಊದುಗೊಳವೆಯ ಉಸಿರು

ಕೊನೆಗೆ ತುಮಕೂರಿನಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ದೊಡ್ಡಮ್ಮನ ಜೊತೆ ಇಪ್ಪತ್ತು ನಿಮಿಷ ಕೂತರು. ಮೊದಲು ಕಲಿಸಿದ್ದು ಉಸಿರು ಬಿಡೋದನ್ನು. ಮೂಗಿನಿಂದ ಎಳೆದುಕೊಳ್ಳಿ, ತುಟಿ ಚೂಪು ಮಾಡಿ ನಿಧಾನಕ್ಕೆ ಬಿಡಿ, ಎಳೆದದ್ದರ ಎರಡು ಪಟ್ಟು ಹೊತ್ತು. ದೊಡ್ಡಮ್ಮ ನಕ್ಕರು. "ಇದೇನ್ ಹೊಸ್ದಾ? ಊದುಗೊಳ್ವೇಲಿ ಒಲೆ ಊದ್ದಂಗೆ" ಅಂದರು.

ಹೌದು, ಅದೇ. ಯಾವ ಒಲೆ ಕಾಯಿಲೆ ಕೊಟ್ಟಿತೋ ಅದನ್ನು ಊದುವಾಗಿನ ತುಟಿಯ ಆಕಾರವೇ ಈಗ ಆಸರೆ. ಒಂದೇ ವ್ಯತ್ಯಾಸ, ಒಲೆ ಊದುವ ಹಾಗೆ ಜೋರಾಗಿ ಅಲ್ಲ, ದೀಪ ಅಲುಗಬೇಕು, ಆರಬಾರದು ಅನ್ನೋ ಹಾಗೆ ಮೆಲ್ಲಗೆ. ತುಟಿ ಚೂಪು ಮಾಡಿದಾಗ ಶ್ವಾಸನಾಳದೊಳಗೆ ಸ್ವಲ್ಪ ಒತ್ತಡ ಉಳಿದು, ಅದು ಕುಸಿದು ಮುಚ್ಚಿಕೊಳ್ಳೋದು ತಪ್ಪುತ್ತದೆ. ಉಸಿರು ಬಿಡುವಾಗ ಬೈಪ್ಯಾಪ್ ಕೊಡುವ ಒತ್ತಡದ ಬಡವರ ರೂಪ ಇದು. ಇದರ ಬದಲು ಟೀವಿ ನೋಡಿ ಬೇಗಬೇಗ ಉಸಿರು ಬಿಡುವ ಕಸರತ್ತಿಗೆ ಇಳಿದರೆ ತಿರುಗುಬಾಣ ಆಗಬಹುದು. ಬಸ್ಸಿನ ಲೆಕ್ಕ ನೆನಪಿದೆಯಲ್ಲ, ವೇಗ ಹೆಚ್ಚಿದಷ್ಟೂ ಗಾಳಿ ಒಳಗೇ ಉಳಿಯುತ್ತದೆ.

ಉಳಿದವೂ ದುಬಾರಿಯಲ್ಲ. ಏದುಸಿರು ಬಂದಾಗ ಮುಂದಕ್ಕೆ ಬಾಗಿ ಮಂಡಿ ಮೇಲೆ ಕೈ ಊರುವುದು, ಇದರಿಂದ ವಪೆಗೆ ಸ್ವಲ್ಪ ಹಿಡಿತ ಸಿಗುತ್ತದೆ. ಒಂದೇ ಸಮನೆ ನಡೆಯುವ ಬದಲು ಒಂದು ನಿಮಿಷ ನಡೆದು ಒಂದು ನಿಮಿಷ ನಿಲ್ಲುವುದು. ಕುರ್ಚಿಯಿಂದ ಎದ್ದು ಕೂರುವುದು. ಬೆರಳಿಗೆ ಹಾಕುವ ಆಕ್ಸಿಮೀಟರ್ ನೋಡುತ್ತಾ, ವೈದ್ಯರು ಹೇಳಿದ ಮಟ್ಟಕ್ಕಿಂತ ಇಳಿದರೆ, ಎದೆನೋವು ಅಥವಾ ತಲೆಸುತ್ತು ಬಂದರೆ ನಿಲ್ಲಿಸುವುದು. ಶುರು ಮಾಡುವ ಮೊದಲು ಹೃದಯದ ತಪಾಸಣೆ, ಕಫ ಇದ್ದರೆ ಟಿಬಿ ತಪಾಸಣೆ ಕಡ್ಡಾಯ. ಪ್ರಗತಿ ಅಳೆಯಲು ಬೇಕಿರೋದು 30 ಮೀಟರಿನ ಒಂದು ಕಾರಿಡಾರ್ ಮತ್ತು ಗಡಿಯಾರ: 6 ನಿಮಿಷದಲ್ಲಿ ಎಷ್ಟು ದೂರ ನಡೆದಿರಿ? ಎಂಟು ವಾರದ ನಂತರ ಅದು 30 ಮೀಟರ್ ಹೆಚ್ಚಿದ್ದರೆ ರೋಗಿಗೆ ಅದು ನಿಜವಾದ ಬದಲಾವಣೆ.

ಬಸ್ ಫ್ರೀ, ಹೋಗೋದೆಲ್ಲಿಗೆ?

ಈಗ ರಾಜಕಾರಣಕ್ಕೆ ಬರೋಣ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ದೊಡ್ಡಮ್ಮನಿಗೆ ಬಸ್ ಫ್ರೀ. ವಾರಕ್ಕೆ ಮೂರು ದಿನ ತರಬೇತಿಗೆ ಹೋಗಲು ಅಡ್ಡಿಯಾಗುತ್ತಿದ್ದ ಒಂದು ದೊಡ್ಡ ಖರ್ಚು ಹೋಯಿತು. ಆದರೆ ಇಳಿಯೋ ಜಾಗದಲ್ಲಿ ತರಬೇತಿ ಇರಬೇಕಲ್ಲ?

ಇನ್ನು ಗೃಹಜ್ಯೋತಿ. ಮನೆಯಲ್ಲೇ ಆಕ್ಸಿಜನ್ ತಯಾರಿಸುವ ಸಾಮಾನ್ಯ ಕಾನ್ಸಂಟ್ರೇಟರ್ ಸುಮಾರು 350 ವ್ಯಾಟ್ ತಿನ್ನುತ್ತದೆ. ದಿನಕ್ಕೆ 15 ಗಂಟೆ ಓಡಿಸಿದರೆ ತಿಂಗಳಿಗೆ 157 ಯೂನಿಟ್. ಮನೆಯ ಮಾಮೂಲಿ ಬಳಕೆ 50 ಯೂನಿಟ್ ಇದ್ದರೆ ಒಟ್ಟು 207. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು ಅನ್ನೋದು ನಿಯಮ. ಅಂದರೆ ಹಳ್ಳಿಯ ಬಡವರ ಮನೆಯೊಂದು ಯೋಜನೆಯಿಂದ ಹೊರಬೀಳೋದು ಎಸಿ ಹಾಕಿಸಿಕೊಂಡಿದ್ದಕ್ಕಲ್ಲ, ಉಸಿರಾಡಿದ್ದಕ್ಕೆ. ಇದೇ ಜಿಲ್ಲೆಯ ಪಾವಗಡದಲ್ಲಿ 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಇದೆ. ವೈದ್ಯಕೀಯ ಯಂತ್ರ ಇರುವ ಮನೆಗೆ ಒಂದು ವಿನಾಯಿತಿ ಕೊಡಲು ಕರೆಂಟು ಸಾಲದು ಅನ್ನೋ ಮಾತು ಇಲ್ಲಿ ನಡೆಯೋದಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ದೀರ್ಘಕಾಲದ ಶ್ವಾಸಕೋಶ ಕಾಯಿಲೆ ಅದರಲ್ಲಿಲ್ಲ. ಹತ್ತು ಹೆಜ್ಜೆ ನಡೆಯಲಾಗದ ಕಲ್ಲುಕುಟಿಗನಿಗೆ ಈ ಕಾಯ್ದೆಯ ಲೆಕ್ಕದಲ್ಲಿ ಏನೂ ಆಗಿಲ್ಲ, ಯಾಕೆಂದರೆ ಅವನ ಕೈಕಾಲು ನೆಟ್ಟಗಿವೆ.

ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದ ವ್ಯಾಪ್ತಿಯಲ್ಲಿ ಸಿಒಪಿಡಿ ಈಗ ಇದೆ. ಮನೆ ಬಾಗಿಲಿಗೆ ಬಿಪಿ, ಶುಗರ್ ನೋಡುವ ವ್ಯವಸ್ಥೆಯೂ ಬಂದಿದೆ. ಅದೇ ಬಾಗಿಲಲ್ಲಿ "ಒಲೆ ಮುಂದೆ ದಿನಕ್ಕೆ ಎಷ್ಟು ಗಂಟೆ, ಎಷ್ಟು ವರ್ಷ?" ಅಂತ ಒಂದು ಪ್ರಶ್ನೆ ಸೇರಿಸಲು ಹೊಸ ಬಜೆಟ್ ಬೇಕಿಲ್ಲ. ನಾವು ಯಂತ್ರಗಳ ಉದ್ಘಾಟನೆಗೆ ಒಗ್ಗಿಹೋಗಿದ್ದೇವೆ. ಪ್ಲಾಂಟ್ ಮುಂದೆ ರಿಬ್ಬನ್ ಕತ್ತರಿಸಬಹುದು, ಎಂಟು ವಾರ ಪಕ್ಕದಲ್ಲಿ ನಡೆಯುವ ಮನುಷ್ಯನ ಮುಂದೆ ಕತ್ತರಿಸೋಕೆ ಆಗಲ್ಲ. ಅದಕ್ಕೇ ಆ ಹುದ್ದೆ ಯಾರ ಪ್ರಣಾಳಿಕೆಯಲ್ಲೂ ಕಾಣಿಸೋದಿಲ್ಲ.

ಹಾಗಾಗಿ ಇದನ್ನು ಓದುತ್ತಿರುವ ನೀವು ಒಂದು ಕೆಲಸ ಮಾಡಿ. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ, ನಿಮ್ಮ ತಾಲ್ಲೂಕು ಯಾವುದೇ ಇರಲಿ, ಸರ್ಕಾರಿ ಆಸ್ಪತ್ರೆಗೆ ಹೋಗಿ ಮೂರು ಪ್ರಶ್ನೆ ಕೇಳಿ. ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಸ್ಪೈರೋಮೀಟರ್ ಇದೆಯಾ, ಅದು ಓಡುತ್ತಿದೆಯಾ? ಫಿಸಿಯೋಥೆರಪಿಸ್ಟ್ ಹುದ್ದೆ ಇದೆಯಾ, ಭರ್ತಿಯಾಗಿದೆಯಾ? ವಾರಕ್ಕೆ ಎರಡು ಬೆಳಗ್ಗೆ ರೋಗಿಗಳನ್ನು ನಡೆಸಲು ಒಂದು ಕಾರಿಡಾರ್ ಬಿಟ್ಟುಕೊಡುತ್ತೀರಾ? ಬಾಯಿಮಾತಿಗೆ ಉತ್ತರ ಸಿಗದಿದ್ದರೆ ಹತ್ತು ರೂಪಾಯಿಯ ಆರ್‌ಟಿಐ ಅರ್ಜಿ ಇದ್ದೇ ಇದೆ.

ದೊಡ್ಡಮ್ಮ ಈಗ ದಿನಾ ಬೆಳಗ್ಗೆ ಮನೆಯಿಂದ ಮಾರಮ್ಮನ ಗುಡಿ ಕಡೆಗೆ ಲೈಟ್ ಕಂಬ ಎಣಿಸಿಕೊಂಡು ನಡೆಯುತ್ತಾರೆ. ಒಂದು ಕಂಬ ನಡಿಗೆ, ಆಮೇಲೆ ನಿಂತು ಊದುಗೊಳವೆ ಉಸಿರು, ಮತ್ತೊಂದು ಕಂಬ. ಶುರುವಿನಲ್ಲಿ ಎರಡನೇ ಕಂಬಕ್ಕೇ ಸುಸ್ತು. ಮೊನ್ನೆ ಫೋನಿನಲ್ಲಿ, "ಏಳ್ನೇ ಕಂಬ ಮುಟ್ದೆ ಕಣಪ್ಪ" ಅಂದರು. ಬೆಟ್ಟದ ಮಾತು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಗುಡಿಗೆ ಇನ್ನೂ ಐದು ಕಂಬ ಇದೆ.